ಗಣಿತಜ್ಞ ಮಹಾವೀರಾಚಾರ್ಯ

ಕ್ರಿ.ಶ. ಒಂಬತ್ತನೆಯ ಶತಮಾನವು ಕನ್ನಡ ನಾಡಿನ ಚರಿತ್ರೆಯಲ್ಲಿ ಉಜ್ಜ್ವಲವಾದ ಕಾಲ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಸುಮಾರು 814ರಿಂದ 878ರವರೆಗೆ ರಾಜ್ಯಭಾರ ಮಾಡಿದನು. ಅವನ ರಾಜಧಾನಿ ಮಾನ್ಯಖೇಟ; ಅದೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ತುಂಗಭದ್ರೆಯ ತೀರದ ಹೂವಿನಹಡಗಲಿಯ ಸೀಮೆಯೂ ರಾಷ್ಟ್ರಕೂಟರ ಆಳ್ವಿಕೆಗೆ ಸೇರಿತ್ತು. 'ಕವಿರಾಜಮಾರ್ಗ'ವು ರಚಿತವಾದ ಈ ಕಾಲದಲ್ಲಿಯೇ ಮಹಾವೀರಾಚಾರ್ಯರು ಬಾಳಿದರು.

ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಆರ್ಯಭಟ, ಬ್ರಹ್ಮಗುಪ್ತರು ಗಣಿತವನ್ನು ಖಗೋಳಶಾಸ್ತ್ರದ ಗ್ರಂಥಗಳ ಒಂದು ಅಂಗವಾಗಿ ನಿರೂಪಿಸಿದ್ದರು. ಮಹಾವೀರಾಚಾರ್ಯರಾದರೋ ಒಂಬತ್ತು ಅಧ್ಯಾಯಗಳ ಈ ಕೃತಿಯನ್ನು ಗಣಿತಕ್ಕೇ ಮೀಸಲಿಟ್ಟರು. ಲೋಕವ್ಯವಹಾರಕ್ಕೂ ಸಂಗೀತ, ವೈದ್ಯ, ಪಾಕ, ವಾಸ್ತು ಮೊದಲಾದ ವಿದ್ಯೆಗಳಿಗೂ ಗಣಿತವೇ ಆಧಾರವೆಂಬುದು ಅವರ ನಿಲುವಾಗಿತ್ತು.

ಸಾಲ ಕೊಡುವವನಿಗೂ ಪಡೆಯುವವನಿಗೂ ನಡುವೆ ಲೆಕ್ಕ ತಿಳಿಯದವನೇ ಮೋಸಹೋಗುವನು. ಆದುದರಿಂದ ಬಡ್ಡಿಯ ಲೆಕ್ಕಗಳಿಗೆ ಆಚಾರ್ಯರು ವಿಶೇಷ ಗಮನವಿತ್ತರು. ಅಸಲು ಮತ್ತು ಬಡ್ಡಿ ಕೂಡಿದ ಮೊತ್ತದಿಂದ ಅವೆರಡನ್ನೂ ಬೇರ್ಪಡಿಸುವ ವಿಧಾನವನ್ನು ಅವರು ತಿಳಿಸಿದರು. ನೂರು ಹಣಕ್ಕೆ ತಿಂಗಳಿಗೆ ಎರಡು ಹಣ ಬಡ್ಡಿಯಂತೆ ಹತ್ತು ತಿಂಗಳ ಬಳಿಕ ಒಬ್ಬನು 360 ಹಣ ತೀರಿಸಿದನೆನ್ನೋಣ. ಅಷ್ಟು ಕಾಲದಲ್ಲಿ 100 ಹಣವು 120 ಆಗುವುದು. ಆದ್ದರಿಂದ ಅಸಲು 300, ಬಡ್ಡಿ 60. ಮುಂದೆ ಬರಲಿರುವ ಹಣಕ್ಕೆ ಇಂದು ಬೆಲೆಯೆಷ್ಟು ಎಂಬ ಪ್ರಶ್ನೆಯೂ ಇದೇ ಬಗೆಯದು. ಆಧುನಿಕ ಹಣಕಾಸಿನ ಗಣಿತವು ಆರಂಭವಾಗುವುದು ಈ ಪ್ರಶ್ನೆಯಿಂದಲೇ.

ಸಾಲವನ್ನು ಕಂತುಗಳಲ್ಲಿ ತೀರಿಸುವುದು, ಬೇರೆ ಬೇರೆ ಶುದ್ಧತೆಯ ಚಿನ್ನವನ್ನು ಬೆರೆಸುವುದು, ಪಾಲುಗಾರರಲ್ಲಿ ಲಾಭ ಹಂಚುವುದು ಇವೂ ಅವರ ಗ್ರಂಥದಲ್ಲಿವೆ. ಹೂವಿನಹಡಗಲಿಯ ಮಲ್ಲಿಗೆ ಹೆಸರಾದುದು. ಮೂವರು ಕ್ರಮವಾಗಿ 20, 30, 50 ರೂಪಾಯಿ ಹೂಡಿ ಮಲ್ಲಿಗೆಯ ವ್ಯಾಪಾರ ನಡೆಸಿ 40 ರೂಪಾಯಿ ಲಾಭ ಪಡೆದರೆ, ಹೂಡಿಕೆಗೆ ಅನುಗುಣವಾಗಿ 8, 12, 20 ರೂಪಾಯಿ ಅವರವರ ಪಾಲು. ಇಂತಹ ಲೆಕ್ಕವು ಜಗಳವನ್ನು ತಪ್ಪಿಸಿ ನ್ಯಾಯವನ್ನು ಕಾಯುತ್ತದೆ.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಆಚಾರ್ಯರು ಸ್ಪಷ್ಟವಾಗಿ ಗುರುತಿಸಿದರು. ಕೊಟ್ಟ ವಸ್ತುಗಳಿಂದ ಕೆಲವನ್ನು ಎಷ್ಟು ಬಗೆಯಲ್ಲಿ ಆಯಬಹುದೆಂಬುದಕ್ಕೂ ಸಾಮಾನ್ಯ ಸೂತ್ರವನ್ನು ನೀಡಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂಬ ಅವರ ಮಾತು ಮಾತ್ರ ಸರಿಯಲ್ಲ. ಅಂತಹ ಭಾಗಾಕಾರಕ್ಕೆ ಅರ್ಥವಿಲ್ಲವೆಂದು ಇಂದಿನ ಗಣಿತವು ತಿಳಿಸುತ್ತದೆ. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ಒಬ್ಬರು ನಿಲ್ಲಿಸಿದೆಡೆಯಿಂದ ಮತ್ತೊಬ್ಬರು ಮುಂದುವರಿಯುವುದೇ ಶಾಸ್ತ್ರದ ಮಾರ್ಗ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಇದನ್ನು ಪ್ರಕಟಿಸಿದ ಮೇಲೆ ಹೊರನಾಡಿನ ವಿದ್ವಾಂಸರೂ ಮಹಾವೀರಾಚಾರ್ಯರನ್ನು ಅರಿತರು.

ಇಂದು ಬ್ಯಾಂಕಿನಲ್ಲಿ ಸಾಲ ಪಡೆಯುವ ರೈತನೂ ಉಳಿತಾಯ ಮಾಡುವ ಗೃಹಿಣಿಯೂ ಬಡ್ಡಿಯ ಲೆಕ್ಕವನ್ನು ತಿಳಿದಿರಬೇಕು. ಗಣಿತವು ಪಂಡಿತರ ಸೊತ್ತಾಗಿಯೇ ಉಳಿಯದೆ ಜನರ ಬಾಳಿಗೆ ನೆರವಾಗಬೇಕೆಂಬುದನ್ನು ಮಹಾವೀರಾಚಾರ್ಯರು ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ತಮ್ಮ ಕೃತಿಯ ಮೂಲಕ ತೋರಿಸಿಕೊಟ್ಟರು.