ಕಡಲನ್ನು ಮನೆಯೊಳಗೆ ತಂದ ಗಾಸ್

ಮಕ್ಕಳೇ, ಗಾಜಿನ ತೊಟ್ಟಿಯಲ್ಲಿ ಬಣ್ಣಬಣ್ಣದ ಮೀನುಗಳು ಈಜಾಡುವುದನ್ನು ನೀವು ನೋಡಿರಬಹುದು. ಆ ತೊಟ್ಟಿಯನ್ನು ಕೆಲವು ವಾರ ಹಾಗೆಯೇ ಬಿಟ್ಟರೆ ಏನಾಗುತ್ತದೆ? ಗಾಜಿಗೆ ಹಸಿರು ಪಾಚಿ ಹಿಡಿಯುತ್ತದೆ. ನೀರು ಮಬ್ಬಾಗುತ್ತದೆ. ಇನ್ನೂ ಬಿಟ್ಟರೆ ಕೆಟ್ಟ ವಾಸನೆ ಬಂದು ಮೀನುಗಳು ಸಾಯಲೂಬಹುದು. ಸಮುದ್ರದ ಉಪ್ಪುನೀರಿನ ತೊಟ್ಟಿಯನ್ನು ನೋಡಿಕೊಳ್ಳುವುದಂತೂ ಇನ್ನೂ ಕಷ್ಟ. ಸುಮಾರು 170 ವರ್ಷಗಳ ಹಿಂದೆ ಈ ಕಷ್ಟದ ಕೆಲಸಕ್ಕೆ ಕೈಹಾಕಿ ಗೆದ್ದವರಲ್ಲಿ ಒಬ್ಬರು ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್. ಇಂಥ ತೊಟ್ಟಿಗೆ ಅಕ್ವೇರಿಯಂ ಎಂಬ ಹೆಸರು ರೂಢಿಗೆ ಬಂದದ್ದೂ ಅವರ ಪುಸ್ತಕದಿಂದಲೇ. ಅವರ ಕಥೆಯನ್ನು ತಿಳಿಯೋಣ ಬನ್ನಿ.

ಬಾಲ್ಯ ಮತ್ತು ಅಲೆದಾಟ

ಗಾಸ್ ಹುಟ್ಟಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್ ಎಂಬ ಊರಿನಲ್ಲಿ. ತಂದೆ ಊರಿಂದೂರಿಗೆ ಅಲೆದು ಪುಟ್ಟ ಪುಟ್ಟ ಭಾವಚಿತ್ರಗಳನ್ನು ಬರೆಯುವ ಕಲಾವಿದರು. ಸಂಪಾದನೆ ಕಡಿಮೆ. ಮಗ ಬೆಳೆದದ್ದು ಪೂಲ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿ ಅವರ ಸೋದರತ್ತೆ ಸಮುದ್ರದ ದಂಡೆಯ ಜೀವಿಗಳನ್ನು ಪರಿಚಯಿಸಿದರು. ಹುಡುಗನಿಗೆ ಅಲ್ಲಿಂದಲೇ ಕಡಲಿನ ಹುಚ್ಚು ಹಿಡಿಯಿತು.

ಬಡತನದಿಂದಾಗಿ ಗಾಸ್ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಹದಿನೇಳನೆಯ ವಯಸ್ಸಿಗೆ, 1827ರಲ್ಲಿ, ಅಟ್ಲಾಂಟಿಕ್ ಸಾಗರ ದಾಟಿ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೆ ಗುಮಾಸ್ತರಾಗಿ ಹೋದರು. 1832ರಲ್ಲಿ ಸೂಕ್ಷ್ಮದರ್ಶಕದ ಬಗೆಗಿನ ಒಂದು ಹಳೆಯ ಪುಸ್ತಕ ಅವರ ಕೈಸೇರಿತು. ಅದನ್ನು ಓದಿ, ಬಿಡುವಿನ ವೇಳೆಯಲ್ಲಿ ಕೀಟಗಳನ್ನು ಹಿಡಿದು, ನೋಡಿ, ಚಿತ್ರ ಬರೆದು, ತಾವೇ ವಿಜ್ಞಾನ ಕಲಿತರು. ಮುಂದೆ ಕೆನಡಾದಲ್ಲಿ ಬೇಸಾಯ ಮಾಡಿ ಸೋತರು. ಅಮೆರಿಕದ ಅಲಬಾಮದಲ್ಲಿ ಕೆಲವು ತಿಂಗಳು ಶಾಲಾ ಶಿಕ್ಷಕರಾಗಿದ್ದರು. 1839ರಲ್ಲಿ ತಾಯ್ನಾಡಿಗೆ ಮರಳಿದರು. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಹಕ್ಕಿಗಳನ್ನು ಅಭ್ಯಾಸ ಮಾಡಿ ಪುಸ್ತಕ ಬರೆದರು.

ಕಡಲದಂಡೆಯ ಕೊಳಗಳು

1852ರಲ್ಲಿ ಗಾಸ್ ಅವರ ಆರೋಗ್ಯ ಕೆಟ್ಟಿತು. ವಿಶ್ರಾಂತಿಗೆಂದು ಹೆಂಡತಿ ಎಮಿಲಿ ಮತ್ತು ಪುಟ್ಟ ಮಗ ಎಡ್ಮಂಡ್‌ನೊಂದಿಗೆ ಡೆವನ್ ಪ್ರಾಂತ್ಯದ ಕಡಲತೀರಕ್ಕೆ ಹೋದರು. ಆದರೆ ಅವರು ಸುಮ್ಮನೆ ಕೂರುವವರೇ? ಸಮುದ್ರದ ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ಉಳಿಯುವ ನೀರಿನ ಕೊಳಗಳನ್ನು ಬಗ್ಗಿ ಬಗ್ಗಿ ನೋಡತೊಡಗಿದರು. ಅಲ್ಲಿ ಹೂವಿನಂತೆ ಅರಳುವ ಕಡಲ ಅನಿಮೋನಿಗಳಿದ್ದವು. ಏಡಿಗಳು, ಸೀಗಡಿಗಳು, ಶಂಖದ ಹುಳುಗಳು, ಹಸಿರು ಮತ್ತು ಕೆಂಪು ಪಾಚಿಗಳಿದ್ದವು. ಇವುಗಳನ್ನು ಮನೆಯಲ್ಲೇ ಜೀವಂತವಾಗಿಟ್ಟುಕೊಂಡು ದಿನವೂ ನೋಡಲು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ತೊಂದರೆ ಏನೆಂದರೆ, ಪಾತ್ರೆಯಲ್ಲಿಟ್ಟ ಸಮುದ್ರದ ನೀರು ಬೇಗನೆ ಕೆಡುತ್ತಿತ್ತು. ಪ್ರಾಣಿಗಳು ಉಸಿರಾಡಿ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಬಿಡುತ್ತವೆ. ಅವುಗಳ ಮಲದಿಂದ ನೀರು ಮಲಿನವಾಗುತ್ತದೆ. ನೀರು ಬದಲಿಸುತ್ತಲೇ ಇರಬೇಕು. ಕಡಲಿನಿಂದ ದೂರವಿರುವವರು ಏನು ಮಾಡಬೇಕು?

ಇದಕ್ಕೆ ಪರಿಹಾರದ ದಾರಿಯನ್ನು ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ಪ್ರಕಟಿಸಿದ್ದರು. ಅವರು ಸಿಹಿನೀರಿನ ತೊಟ್ಟಿಯಲ್ಲಿ ಮೀನಿನ ಜೊತೆ ಜಲಸಸ್ಯವನ್ನೂ ಬಸವನಹುಳುಗಳನ್ನೂ ಇಟ್ಟರು. ಬೆಳಕಿನಲ್ಲಿ ಸಸ್ಯವು ಪ್ರಾಣಿಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಆಮ್ಲಜನಕವನ್ನು ಕೊಡುತ್ತದೆ. ಬಸವನಹುಳು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದು ಚೊಕ್ಕಟ ಮಾಡುತ್ತದೆ. ಹೀಗೆ ಒಂದಕ್ಕೊಂದು ಆಸರೆ. ಗಾಸ್ ಇದೇ ಕ್ರಮವನ್ನು ಉಪ್ಪುನೀರಿಗೂ ಅನ್ವಯಿಸಿದರು.

ಪಾಚಿ: ಮಿತ್ರನೋ ಶತ್ರುವೋ?

ಉಪ್ಪುನೀರಿನ ತೊಟ್ಟಿಗೆ ಎಲ್ಲ ಕಡಲಪಾಚಿಯೂ ಹೊಂದುವುದಿಲ್ಲ ಎಂದು ಗಾಸ್ ಕಂಡುಕೊಂಡರು. ದೊಡ್ಡ ಕಂದು ಪಾಚಿಗಳು ತೊಟ್ಟಿಯಲ್ಲಿ ಲೋಳೆ ಬಿಟ್ಟು ಕೊಳೆತು ನೀರನ್ನೇ ಕೆಡಿಸುತ್ತಿದ್ದವು. ಎಲೆಯಂತೆ ತೆಳ್ಳಗಿರುವ ಹಸಿರು ಪಾಚಿ ಅಲ್ವಾ ಚೆನ್ನಾಗಿ ಬೆಳೆಯಿತು. ಅದು ನೀರಿಗೆ ಆಮ್ಲಜನಕವನ್ನೂ ಒದಗಿಸಿತು.

ಆದರೆ ಇನ್ನೊಂದು ಪಾಚಿ ಕರೆಯದೆಯೇ ಬಂತು. ನೀರಿನಲ್ಲಿರುವ ಕಣ್ಣಿಗೆ ಕಾಣದ ಬೀಜಕಗಳು ಮೊಳೆತು ಗಾಜಿನ ಮೇಲೆಲ್ಲಾ ಹಸಿರು ಪೊರೆ ಹಬ್ಬಿತು. ಒಳಗಿನ ಜೀವಿಗಳು ಕಾಣದಂತಾದವು. ಇದನ್ನು ತೆಗೆಯಲು ಗಾಸ್ ಬಂಡೆಗಳ ಮೇಲೆ ಪಾಚಿ ತಿಂದು ಬದುಕುವ ಶಂಖದ ಹುಳುಗಳನ್ನು ತಂದು ಬಿಟ್ಟರು. ಅವು ಗಾಜನ್ನು ನೆಕ್ಕುತ್ತಾ ಸಾಗುವುದನ್ನು ಭೂತಗನ್ನಡಿಯಿಂದ ನೋಡಿದರು. ಆ ಹುಳುವಿನ ನಾಲಿಗೆಯ ಮೇಲೆ ಸಾಲು ಸಾಲಾಗಿ ಅತಿ ಚಿಕ್ಕ ಹಲ್ಲುಗಳಿರುತ್ತವೆ. ಕುಡುಗೋಲು ಬೀಸಿ ಹುಲ್ಲು ಕೊಯ್ದ ಹಾಗೆ ಗಾಜಿನ ಮೇಲೆ ಪಟ್ಟೆ ಪಟ್ಟೆಯಾಗಿ ಪಾಚಿ ಕತ್ತರಿಸಿಹೋಗುತ್ತಿತ್ತು!

1853ರ ಮೇ ತಿಂಗಳಿನಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಜನರಿಗಾಗಿ ಮತ್ಸ್ಯಾಲಯ ತೆರೆಯಿತು. ಅದು ಪ್ರಪಂಚದ ಮೊದಲ ಸಾರ್ವಜನಿಕ ಮತ್ಸ್ಯಾಲಯ. ಅದಕ್ಕೆ ಅನೇಕ ಕಡಲಜೀವಿಗಳನ್ನು ಸಂಗ್ರಹಿಸಿ ಕೊಟ್ಟವರು ಗಾಸ್. 1854ರಲ್ಲಿ ಅವರ ದಿ ಅಕ್ವೇರಿಯಂ ಎಂಬ ಪುಸ್ತಕ ಬಂತು. ಅದೇ ವರ್ಷ ಅಡುಗೆ ಉಪ್ಪು, ಎಪ್ಸಂ ಲವಣ, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಇವುಗಳನ್ನು ಸಿಹಿನೀರಿನಲ್ಲಿ ಕರಗಿಸಿ ಕೃತಕ ಸಮುದ್ರದ ನೀರು ತಯಾರಿಸುವ ವಿಧಾನವನ್ನೂ ಪ್ರಕಟಿಸಿದರು. ಆ ನೀರಿಗೆ ಮೊದಲು ಪಾಚಿಗಳನ್ನು ಹಾಕಿ, ಕೆಲವು ದಿನ ಕಾದು, ಆಮೇಲೆ ಪ್ರಾಣಿಗಳನ್ನು ಬಿಟ್ಟರು. 1856ರಲ್ಲಿ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು.

ಗಾಸ್‌ಗೆ ತಿಳಿಯದೇ ಉಳಿದದ್ದು

ಸಮತೋಲನವಾಗಿದ್ದ ತೊಟ್ಟಿಯಲ್ಲಿ ನೀರು ಹೇಗೆ ಶುದ್ಧವಾಗಿರುತ್ತದೆ? ಇದರ ಪೂರ್ತಿ ಉತ್ತರ ಗಾಸ್ ಕಾಲದಲ್ಲಿ ತಿಳಿದಿರಲಿಲ್ಲ. ಪ್ರಾಣಿಗಳ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯ ಉಂಟಾಗುತ್ತದೆ. ಅದು ಮೀನಿಗೆ ವಿಷ. ಕೆಲವು ಬ್ಯಾಕ್ಟೀರಿಯಗಳು ಅಮೋನಿಯವನ್ನು ನೈಟ್ರೈಟ್ ಆಗಿ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಈ ಬ್ಯಾಕ್ಟೀರಿಯಗಳನ್ನು ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರಲ್ಲಿ ಬೇರ್ಪಡಿಸಿ ತೋರಿಸಿದರು. ನೈಟ್ರೇಟ್ ಅಷ್ಟು ವಿಷವಲ್ಲ, ಆದರೆ ಪಾಚಿಗೆ ಒಳ್ಳೆಯ ಗೊಬ್ಬರ. ಫಾಸ್ಫೇಟ್ ಕೂಡ ಹಾಗೆಯೇ. ಗೊಬ್ಬರವೂ ಬಿಸಿಲೂ ಹೆಚ್ಚಾದರೆ ಪಾಚಿ ಮಿತಿಮೀರುತ್ತದೆ.

ಆದ್ದರಿಂದಲೇ ಉಪ್ಪುನೀರಿನ ತೊಟ್ಟಿ ಇಡುವವರು ಇಂದಿಗೂ ಕೆಲವು ನಿಯಮ ಪಾಲಿಸುತ್ತಾರೆ. ಮೀನು ತಿನ್ನುವಷ್ಟೇ ಆಹಾರ ಹಾಕುತ್ತಾರೆ. ಸತ್ತ ಪ್ರಾಣಿಯನ್ನು ತಕ್ಷಣ ತೆಗೆಯುತ್ತಾರೆ. ನೇರ ಬಿಸಿಲು ಬೀಳದಂತೆ ನೋಡಿಕೊಳ್ಳುತ್ತಾರೆ. ಆಗಾಗ ಸ್ವಲ್ಪ ನೀರು ಬದಲಿಸುತ್ತಾರೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ನೀರು ಆವಿಯಾದಾಗ ಲವಣ ಹಿಂದೆ ಉಳಿಯುತ್ತದೆ. ಹಾಗಾದರೆ ಕಡಿಮೆಯಾದಷ್ಟು ನೀರನ್ನು ತುಂಬಲು ಸಿಹಿನೀರು ಬೇಕೋ, ಉಪ್ಪುನೀರು ಬೇಕೋ? ನೀವೇ ಯೋಚಿಸಿ ಹೇಳಿ.

ಬರಿದಾದ ಕೊಳಗಳು

ಗಾಸ್ ಅವರ ಪುಸ್ತಕಗಳು ಇಂಗ್ಲೆಂಡಿನಲ್ಲಿ ಅಕ್ವೇರಿಯಂ ಹುಚ್ಚನ್ನೇ ಎಬ್ಬಿಸಿದವು. ಜನ ಬಕೆಟ್ಟು, ಉಳಿ, ಸುತ್ತಿಗೆ ಹಿಡಿದು ಕಡಲದಂಡೆಗೆ ಮುಗಿಬಿದ್ದರು. ಬಂಡೆಗಳಿಂದ ಜೀವಿಗಳನ್ನು ಕಿತ್ತು ಮನೆಗೆ ಒಯ್ದರು. ಆದರೆ ತೊಟ್ಟಿ ನೋಡಿಕೊಳ್ಳುವ ತಾಳ್ಮೆ ಹಲವರಿಗೆ ಇರಲಿಲ್ಲ. ನೀರು ಕೊಳೆತು ಜೀವಿಗಳು ಸತ್ತವು. ಶತಮಾನಗಳಿಂದ ಯಾರೂ ಮುಟ್ಟದ ಕೊಳಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಇದು ತಂದೆಗೆ ತುಂಬ ನೋವು ಕೊಟ್ಟಿತೆಂದು ಮಗ ಎಡ್ಮಂಡ್ 1907ರಲ್ಲಿ ಬರೆದರು. ಜೀವಿಗಳನ್ನು ಪ್ರೀತಿಸಲು ಕಲಿಸಿದ ಪುಸ್ತಕವೇ ಅವುಗಳ ನಾಶಕ್ಕೂ ದಾರಿಯಾಯಿತು!

ಎಮಿಲಿ 1857ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಗಾಸ್ ಡೆವನ್ನಿನ ಕಡಲತೀರದಲ್ಲೇ ನೆಲೆಸಿ, ಬ್ರಿಟನ್ನಿನ ಅನಿಮೋನಿಗಳ ಬಗ್ಗೆ ತಾವೇ ಬರೆದ ಚಿತ್ರಗಳುಳ್ಳ ದೊಡ್ಡ ಗ್ರಂಥವನ್ನು 1860ರಲ್ಲಿ ಮುಗಿಸಿದರು. 1888ರ ಆಗಸ್ಟ್ 23ರಂದು ನಿಧನರಾದರು.

ನೀವೂ ಮಾಡಿ ನೋಡಿ

ಎರಡು ಪಾರದರ್ಶಕ ಬಾಟಲಿಗಳಲ್ಲಿ ಕೆರೆಯ ನೀರನ್ನು ತುಂಬಿ. ಒಂದನ್ನು ಕಿಟಕಿಯ ಬೆಳಕಿನಲ್ಲಿ, ಇನ್ನೊಂದನ್ನು ಕತ್ತಲೆಯ ಮೂಲೆಯಲ್ಲಿ ಇಡಿ. ಎರಡು ವಾರ ದಿನವೂ ಗಮನಿಸಿ, ಬಣ್ಣವನ್ನು ಪುಸ್ತಕದಲ್ಲಿ ಬರೆದಿಡಿ. ಪಾಚಿ ಎಲ್ಲಿ ಹೆಚ್ಚಾಯಿತು? ಏಕೆ? ನೀರು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲು ಮರೆಯಬೇಡಿ. ಮುಂದೆ ಕಡಲದಂಡೆಗೆ ಹೋದಾಗ ಬಂಡೆಯ ಕೊಳಗಳಲ್ಲಿ ಇಣುಕಿ ನೋಡಿ, ಚಿತ್ರ ಬರೆಯಿರಿ. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೆಯೇ ಇಟ್ಟು ಬನ್ನಿ. ಅದರ ಕೆಳಗೆ ಯಾರದೋ ಮನೆ ಇರುತ್ತದೆ.