ನಗಿಸದೆ ನಗಿಸಿದ ಜಯಮ್ಮ

ಕಾಲೇಜು ವಾರ್ಷಿಕೋತ್ಸವದ ಪ್ರಹಸನದಲ್ಲಿ ನನಗೆ ಸಿಕ್ಕಿದ್ದು ಒಂದೂ ಜೋಕಿಲ್ಲದ ಪಾತ್ರ. ಗೆಳತಿ ಮಾತಾಡಿದಾಗಲೆಲ್ಲ ಸಭಾಂಗಣ ನಗುತ್ತಿತ್ತು. ನಾನು ಸುಮ್ಮನೆ ಎದುರು ನಿಂತಿದ್ದೆ. ಎರಡು ದಿನ ಮುನಿಸಿಕೊಂಡಿದ್ದೆ. ಆಗ ಓದಿದ್ದು ಬಿ. ಜಯಮ್ಮನವರ ಬದುಕಿನ ಬಗ್ಗೆ.

ಜಯಮ್ಮ ನಮ್ಮ ಜಿಲ್ಲೆಯವರೇ. ಹುಟ್ಟಿದ್ದು 1915ರಲ್ಲಿ, ಚಿಕ್ಕಮಗಳೂರಿನಲ್ಲಿ. ಆ ಊರಿಗೆ ರೈಲು ಬಂದದ್ದೇ 2013ರಲ್ಲಿ. ಅಲ್ಲಿಯವರೆಗೆ ರೈಲು ಬೇಕೆಂದರೆ ಕಡೂರಿಗೋ ಬೀರೂರಿಗೋ ಬರಬೇಕಿತ್ತು. ಕಡೂರು, ತರೀಕೆರೆ, ಅಜ್ಜಂಪುರದ ನಾವು ಇಂದು ಕೆಲಸ ಹುಡುಕಿಕೊಂಡು ಊರು ಬಿಡುತ್ತೇವೆ. ಜಯಮ್ಮ ಚಿಕ್ಕ ವಯಸ್ಸಿನಲ್ಲೇ ಊರು ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದರು. ಗಂಡಸರೇ ಸೀರೆಯುಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ. ನಾಟಕಕ್ಕೆ ಸೇರುವ ಹೆಣ್ಣುಮಕ್ಕಳನ್ನು ಜನ ಒಳ್ಳೆಯ ಕಣ್ಣಿನಿಂದ ನೋಡುತ್ತಲೂ ಇರಲಿಲ್ಲ.

ಕಂಪನಿಯ ಒಡೆಯ ಗುಬ್ಬಿ ವೀರಣ್ಣ ದೊಡ್ಡ ಹಾಸ್ಯನಟ. ಜಯಮ್ಮ ಮುಂದೆ ಅವರನ್ನೇ ಮದುವೆಯಾದರು. ‘ಸದಾರಮೆ’ ನಾಟಕದಲ್ಲಿ ವೀರಣ್ಣನವರ ಕಳ್ಳನ ಪಾತ್ರ ಮನೆಮಾತಾಗಿತ್ತು. ಜಯಮ್ಮ ಸದಾರಮೆ. ತನ್ನನ್ನು ಹೊತ್ತುತಂದ ಕಳ್ಳನನ್ನು ಸದಾರಮೆ ಮಾತಿನಲ್ಲೇ ಮರುಳು ಮಾಡಿ ಪಾರಾಗುತ್ತಾಳೆ. ಜನ ನಗುವುದು ಕಳ್ಳನನ್ನು ನೋಡಿ. ಆದರೆ ಎದುರಿಗಿರುವ ಸದಾರಮೆ ಒಮ್ಮೆ ನಕ್ಕುಬಿಟ್ಟರೆ ದೃಶ್ಯವೇ ಕೆಟ್ಟಿತು! ಅವಳು ನಂಬಿಸಬೇಕು, ಕಳ್ಳ ನಂಬಬೇಕು. ಆಗಲೇ ನಗು.

ಜಯಮ್ಮ ಒಳ್ಳೆಯ ಗಾಯಕಿಯೂ ಹೌದು. ಆದರೂ 1931ರಲ್ಲಿ ವೀರಣ್ಣನವರ ಜೊತೆ ‘ಹಿಸ್ ಲವ್ ಅಫೇರ್’ ಎಂಬ ಮೂಕಿ ಚಿತ್ರದಲ್ಲಿ ನಟಿಸಿದರು. ಅಲ್ಲಿ ಹಾಡೂ ಇಲ್ಲ, ಮಾತೂ ಇಲ್ಲ. ಮುಖದಲ್ಲೇ ಎಲ್ಲವನ್ನೂ ಹೇಳಬೇಕು. 1942ರಲ್ಲಿ ‘ಜೀವನ ನಾಟಕ’ ಬಂತು. 1945 ಅವರ ಪಾಲಿಗೆ ದೊಡ್ಡ ವರ್ಷ. ಕನ್ನಡದಲ್ಲಿ ‘ಹೇಮರೆಡ್ಡಿ ಮಲ್ಲಮ್ಮ’ನಾದರು. ಅದೇ ವರ್ಷ ತೆಲುಗಿನ ‘ಸ್ವರ್ಗಸೀಮ’ದಲ್ಲಿ ನಾಗಯ್ಯನವರ ಎದುರು, ಗಂಡ ಬಿಟ್ಟುಹೋದ ಹೆಂಡತಿಯ ಪಾತ್ರ ಮಾಡಿದರು. ನಗೆಯ ನಾಟಕದಲ್ಲಿ ಪಳಗಿದ ನಟಿ ಅಳುವಿನ ಪಾತ್ರವನ್ನೂ ಗೆದ್ದರು.

ವೀರಣ್ಣ 1972ರಲ್ಲಿ ತೀರಿಕೊಂಡರು. ಜಯಮ್ಮ ಮತ್ತೆ 16 ವರ್ಷ ಬದುಕಿ 1988ರಲ್ಲಿ ಕಣ್ಣುಮುಚ್ಚಿದರು. ಇಂದು ಬೆಂಗಳೂರಿನಲ್ಲಿ ವೀರಣ್ಣನವರ ಹೆಸರಿನ ರಂಗಮಂದಿರವಿದೆ, ಅವರ ಹೆಸರಲ್ಲಿ ಪ್ರಶಸ್ತಿಯಿದೆ. ಅದು ಸಲ್ಲಬೇಕಾದ ಗೌರವವೇ. ಆದರೆ ಜಯಮ್ಮ ಯಾರೆಂದು ನನ್ನ ತರಗತಿಯಲ್ಲಿ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ ಅದುವರೆಗೆ ಗೊತ್ತಿರಲಿಲ್ಲವಲ್ಲ!

ನಾಳೆ ನಮಗೆ ಸಿಗುವ ಕೆಲಸವೂ ಹೀಗೇ ಇರಬಹುದು. ಚಪ್ಪಾಳೆ ಇನ್ನೊಬ್ಬರಿಗೆ, ದುಡಿಮೆಯಲ್ಲಿ ಅರ್ಧ ನಮ್ಮದು. ಅದನ್ನು ಸಹಿಸಿಕೊಂಡು ಸುಮ್ಮನಿರಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಅರ್ಧವನ್ನು ಸಣ್ಣದೆಂದು ನಾವೇ ಅಂದುಕೊಳ್ಳುವುದು ಬೇಡ. ಮುಂದಿನ ವರ್ಷದ ಪ್ರಹಸನದಲ್ಲೂ ನನಗೆ ಜೋಕಿಲ್ಲದ ಪಾತ್ರವನ್ನೇ ಕೊಡಿ ಎಂದು ಈಗಲೇ ಕೇಳಿದ್ದೇನೆ.