ಒಂಟಿತನದಿಂದ ಹುಟ್ಟಿದ ಸಭೆ: ರೋಟರಿ ಸ್ಥಾಪಕ ಪಾಲ್ ಹ್ಯಾರಿಸ್

ಜಿಲ್ಲಾ ಕೇಂದ್ರಗಳಿಂದ ತಾಲ್ಲೂಕು ಪಟ್ಟಣಗಳವರೆಗೆ ಕರ್ನಾಟಕದ ಅನೇಕ ಊರುಗಳಲ್ಲಿ ರೋಟರಿ ಕ್ಲಬ್ಬಿನ ಸಭೆ ಪರಿಚಿತ ದೃಶ್ಯ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ವೈದ್ಯರು, ವಕೀಲರು, ಜವಳಿ ವ್ಯಾಪಾರಿಗಳು, ಗುತ್ತಿಗೆದಾರರು ಒಂದೇ ಸಾಲಿನಲ್ಲಿ ಕೂಡುತ್ತಾರೆ. ಕಾರ್ಯದರ್ಶಿಯ ವರದಿ, ಅತಿಥಿಯ ಉಪನ್ಯಾಸ, ವಂದನಾರ್ಪಣೆ, ಬಳಿಕ ಊಟ. ಮರುದಿನ ಪತ್ರಿಕೆಯ ಸ್ಥಳೀಯ ಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುವ ಈ ಸಭೆಯ ಮೂಲದಲ್ಲಿ ಶಿಕಾಗೊ ನಗರದ ವಕೀಲನೊಬ್ಬನ ಒಂಟಿತನವಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ಪಾಲ್ ಪರ್ಸಿ ಹ್ಯಾರಿಸ್ ಜನಿಸಿದ್ದು 1868ರ ಏಪ್ರಿಲ್ 19ರಂದು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇಸೀನ್ ಪಟ್ಟಣದಲ್ಲಿ. ತಂದೆಯ ಔಷಧ ಅಂಗಡಿ ನಷ್ಟಕ್ಕೆ ಸಿಲುಕಿ ಸಂಸಾರ ಚದುರಿತು. ಮೂರು ವರ್ಷದ ಬಾಲಕ ವರ್ಮಾಂಟ್ ರಾಜ್ಯದ ವಾಲಿಂಗ್‌ಫರ್ಡ್ ಎಂಬ ಹಳ್ಳಿಯಲ್ಲಿದ್ದ ಅಜ್ಜ-ಅಜ್ಜಿಯ ಮಡಿಲು ಸೇರಿದ. ಬೆಟ್ಟಗಳ ನಡುವಿನ ಆ ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಗುರುತಿತ್ತು. ಕಷ್ಟಕಾಲದಲ್ಲಿ ನೆರೆಯವರು ಕರೆಯದೆಯೇ ಬಂದು ನಿಲ್ಲುತ್ತಿದ್ದರು. ತುಂಟನಾಗಿದ್ದ ಪಾಲ್ ವರ್ಮಾಂಟ್ ವಿಶ್ವವಿದ್ಯಾಲಯದಿಂದ ಹೊರಹಾಕಿಸಿಕೊಂಡರೂ ಅಜ್ಜ ಕೈಬಿಡಲಿಲ್ಲ; ಪ್ರಿನ್ಸ್‌ಟನ್‌ಗೆ ಕಳುಹಿಸಿದರು. 1888ರಲ್ಲಿ ಅಜ್ಜ ತೀರಿಕೊಂಡರು. ಮೊಮ್ಮಗ 1891ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು.

ಪದವಿ ಪಡೆದ ತಕ್ಷಣ ಕರಿಕೋಟು ತೊಡಲು ಅವರ ಮನಸ್ಸು ಒಪ್ಪಲಿಲ್ಲ. ಐದು ವರ್ಷ ಲೋಕ ಸುತ್ತಿ ನೋಡುವ ನಿರ್ಧಾರ ಕೈಗೊಂಡರು. ಪತ್ರಿಕಾ ವರದಿಗಾರ, ಶಿಕ್ಷಕ, ನಾಟಕ ಕಂಪನಿಯ ನಟ, ದನಗಾಹಿ, ಹೋಟೆಲಿನ ರಾತ್ರಿ ಗುಮಾಸ್ತ, ಅಮೃತಶಿಲೆಯ ಮಾರಾಟಗಾರ, ಹೀಗೆ ಸಿಕ್ಕ ಕೆಲಸವನ್ನೆಲ್ಲ ಮಾಡಿದರು. ಜಾನುವಾರು ಸಾಗಿಸುವ ಹಡಗಿನಲ್ಲಿ ದುಡಿಯುತ್ತ ಇಂಗ್ಲೆಂಡಿಗೂ ಹೋಗಿ ಬಂದರು. 1896ರಲ್ಲಿ ಶಿಕಾಗೊದಲ್ಲಿ ವಕೀಲಿ ವೃತ್ತಿ ಆರಂಭಿಸಿದರು.

ವೃತ್ತಿ ಕೈಹಿಡಿಯಿತು, ನಗರ ಕೈಹಿಡಿಯಲಿಲ್ಲ. ವಾರವಿಡೀ ಕಕ್ಷಿದಾರರ ನಡುವೆ ಇರುತ್ತಿದ್ದ ಹ್ಯಾರಿಸರಿಗೆ ಭಾನುವಾರ ಮಾತನಾಡಿಸುವವರೇ ಇರಲಿಲ್ಲ. 1900ರಲ್ಲಿ ಒಂದು ಸಂಜೆ ಊಟಕ್ಕೆ ಕರೆದಿದ್ದ ವಕೀಲ ಮಿತ್ರರೊಬ್ಬರು ತಮ್ಮ ಬಡಾವಣೆಯಲ್ಲಿ ಅವರನ್ನು ಸುತ್ತಾಡಿಸಿದರು. ದಾರಿಯುದ್ದಕ್ಕೂ ಅಂಗಡಿಯವರು ಆ ಮಿತ್ರರನ್ನು ಹೆಸರು ಹಿಡಿದು ಮಾತನಾಡಿಸುತ್ತಿದ್ದರು. ಮಹಾನಗರದೊಳಗೂ ಒಂದು ಹಳ್ಳಿ ಕಟ್ಟಬಹುದೆಂಬ ಯೋಚನೆ ಹ್ಯಾರಿಸರಲ್ಲಿ ಮೊಳೆತದ್ದು ಅಂದು. ಅದು ಕಾರ್ಯರೂಪಕ್ಕೆ ಬರಲು ಇನ್ನೂ ಐದು ವರ್ಷ ಬೇಕಾಯಿತು.

1905ರ ಫೆಬ್ರವರಿ 23ರ ಗುರುವಾರ ಸಂಜೆ ಯೂನಿಟಿ ಬಿಲ್ಡಿಂಗ್‌ನ 711ನೇ ಕೊಠಡಿಯಲ್ಲಿ ನಾಲ್ವರು ಸೇರಿದರು. ಕಲ್ಲಿದ್ದಲು ವ್ಯಾಪಾರಿ ಸಿಲ್ವೆಸ್ಟರ್ ಶೀಲೆ, ಗಣಿ ಎಂಜಿನಿಯರ್ ಗುಸ್ಟಾವಸ್ ಲೋರ್, ದರ್ಜಿ ವೃತ್ತಿಯ ಹೈರಮ್ ಶೋರಿ, ವಕೀಲ ಹ್ಯಾರಿಸ್. ಆ ಕೊಠಡಿ ಲೋರ್ ಅವರ ಕಚೇರಿ. ಮುಂದಿನ ಸಭೆ ಹ್ಯಾರಿಸರ ಕಚೇರಿಯಲ್ಲಿ, ಅದರ ಮುಂದಿನದು ಶೀಲೆಯವರಲ್ಲಿ ನಡೆಯಿತು. ಹೀಗೆ ಸರದಿಯಂತೆ ಸುತ್ತುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಒಂದು ವೃತ್ತಿಗೆ ಒಬ್ಬನೇ ಸದಸ್ಯ ಎಂಬ ನಿಯಮದಿಂದ ಪೈಪೋಟಿಗೆ ಎಡೆಯಿರಲಿಲ್ಲ. ಆರಂಭದಲ್ಲಿ ಸಭೆ ಹದಿನೈದು ದಿನಕ್ಕೊಮ್ಮೆ ನಡೆಯುತ್ತಿತ್ತು. ವಾರಕ್ಕೊಮ್ಮೆ ಮಧ್ಯಾಹ್ನದ ಊಟದೊಡನೆ ಸೇರುವ ಪದ್ಧತಿಗೆ ನಾಂದಿ ಹಾಡಿದ್ದು 1909ರಲ್ಲಿ ಹುಟ್ಟಿದ ಓಕ್‌ಲ್ಯಾಂಡ್ ಕ್ಲಬ್.

ಮೊದಲ ದಿನಗಳ ಉದ್ದೇಶ ಎರಡೇ: ಗೆಳೆತನ ಮತ್ತು ಪರಸ್ಪರರ ವ್ಯಾಪಾರಕ್ಕೆ ನೆರವು. ಸದಸ್ಯರಿಗೆ ಅಷ್ಟರಲ್ಲೇ ತೃಪ್ತಿಯಿತ್ತು. ಆದರೆ 1906ರಲ್ಲಿ ಸದಸ್ಯತ್ವಕ್ಕೆ ಆಹ್ವಾನಿತರಾದ ಡೊನಾಲ್ಡ್ ಕಾರ್ಟರ್ ಎಂಬ ಪೇಟೆಂಟ್ ವಕೀಲರು, ಹೊರಗಿನವರಿಗೆ ಯಾವ ಉಪಕಾರವನ್ನೂ ಮಾಡದ ಕೂಟಕ್ಕೆ ಭವಿಷ್ಯವಿಲ್ಲವೆಂದು ಸೇರಲು ಹಿಂಜರಿದರು. ಹ್ಯಾರಿಸ್ ಈ ಮಾತಿಗೆ ಮುನಿಯಲಿಲ್ಲ. ನಗರದ ಹಿತವನ್ನೂ ಕ್ಲಬ್ಬಿನ ಧ್ಯೇಯಗಳಲ್ಲಿ ಸೇರಿಸುವುದಕ್ಕೆ ಬೆಂಬಲವಾಗಿ ನಿಂತರು. 1907ರಲ್ಲಿ ಅವರು ಅಧ್ಯಕ್ಷರಾಗಿದ್ದಾಗ ಶಿಕಾಗೊದಲ್ಲಿ ಸಾರ್ವಜನಿಕ ಶೌಚಾಲಯ ನಿರ್ಮಾಣಕ್ಕೆ ಕ್ಲಬ್ ಮುಂದಾಯಿತು. ಮದ್ಯದಂಗಡಿಗಳಲ್ಲಿ ಗಂಡಸರಿಗೆ, ದೊಡ್ಡ ಮಳಿಗೆಗಳಲ್ಲಿ ಹೆಂಗಸರಿಗೆ ಆ ಅನುಕೂಲ ಇದ್ದೇ ಇದೆಯೆಂದು ಮದ್ಯ ತಯಾರಕರೂ ಮಳಿಗೆಗಳ ಮಾಲೀಕರೂ ವಿರೋಧಿಸಿದರು. ಏನನ್ನೂ ಕೊಳ್ಳದೆ ಬಳಸಬಹುದಾದ ಜಾಗವೊಂದು ಬಡವನಿಗೆ ಬೇಕೆಂಬುದು ಅವರ ಲೆಕ್ಕದಲ್ಲಿರಲಿಲ್ಲ. ಕೊನೆಗೂ ಶೌಚಾಲಯ ತಲೆಯೆತ್ತಿತು.

ಬೇರೆ ನಗರಗಳಲ್ಲೂ ಕ್ಲಬ್ ಕಟ್ಟಬೇಕೆಂಬ ಹ್ಯಾರಿಸರ ಹಂಬಲ ಮಾತ್ರ ಸ್ವಂತ ಗೆಳೆಯರಲ್ಲೇ ಅಸಮಾಧಾನ ಮೂಡಿಸಿತು. ಹಾಡು, ಹರಟೆ, ಊಟಗಳ ಆತ್ಮೀಯ ಕೂಟವನ್ನು ಲೋಕಕ್ಕೆಲ್ಲ ಹಂಚುವುದು ಹಲವರಿಗೆ ಬೇಡವಾಗಿತ್ತು. 1908ರಲ್ಲಿ ಹ್ಯಾರಿಸ್ ಶಿಕಾಗೊ ಕ್ಲಬ್ಬಿನ ಅಧ್ಯಕ್ಷಸ್ಥಾನ ತ್ಯಜಿಸಿದರು. ಗೆಳೆತನಕ್ಕಾಗಿ ಕಟ್ಟಿದ ಕೂಟದಲ್ಲಿಯೇ ಗೆಳೆಯರ ಬೇಸರ ಎದುರಿಸಬೇಕಾಗಿ ಬಂದರೂ ಅವರು ಹಿಂದೆ ಸರಿಯಲಿಲ್ಲ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎರಡನೆಯ ಕ್ಲಬ್ ಹುಟ್ಟಿತು. 1910ರ ಆಗಸ್ಟ್‌ನಲ್ಲಿ 16 ಕ್ಲಬ್‌ಗಳು ಶಿಕಾಗೊದಲ್ಲಿ ಸಮಾವೇಶಗೊಂಡು ಅವರನ್ನೇ ರಾಷ್ಟ್ರೀಯ ಅಧ್ಯಕ್ಷರನ್ನಾಗಿ ಆರಿಸಿದವು. ಆ ಬೇಸಿಗೆಯಲ್ಲೇ ಅವರು ಎಡಿನ್‌ಬರೋ ಮೂಲದ ಜೀನ್ ಥಾಮ್ಸನ್ ಅವರನ್ನು ವರಿಸಿದ್ದರು.

1912ರಲ್ಲಿ ಅಧಿಕಾರದಿಂದ ಇಳಿದ ಮೇಲೆ ಬಹುಕಾಲ ಹಿನ್ನೆಲೆಯಲ್ಲೇ ಉಳಿದ ಹ್ಯಾರಿಸ್, ನಂತರದ ವರ್ಷಗಳಲ್ಲಿ ಪತ್ನಿಯೊಡನೆ ಹಲವು ದೇಶ ಸುತ್ತಿ ಹೋದಲ್ಲೆಲ್ಲ ಮೈತ್ರಿಯ ಸಸಿ ನೆಟ್ಟರು. ನೆಟ್ಟದ್ದೆಲ್ಲ ಉಳಿಯುವ ಕಾಲ ಅದಾಗಿರಲಿಲ್ಲ. ನಾಜಿ ಆಡಳಿತದಲ್ಲಿ 1937ರಲ್ಲಿ ಜರ್ಮನಿಯ ರೋಟರಿ ಕ್ಲಬ್‌ಗಳೆಲ್ಲ ವಿಸರ್ಜನೆಗೊಂಡವು. ಭಾರತದಲ್ಲಿ ಈ ವೇಳೆಗೆ ಬೇರು ಗಟ್ಟಿಯಾಗಿತ್ತು. 1919ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾದ ಚಳವಳಿ 1934ರಲ್ಲಿ ಬೆಂಗಳೂರಿಗೂ ಬಂದಿತ್ತು.

ಈ ಹಳ್ಳಿಗೂ ಬೇಲಿಗಳಿದ್ದವು. ಮಹಿಳೆಯರಿಗೆ ಸದಸ್ಯತ್ವದ ಬಾಗಿಲು ತೆರೆಯಲು ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 1987ರ ತೀರ್ಪು ಬೇಕಾಯಿತು. 1989ರಲ್ಲಿ ಎಲ್ಲ ದೇಶಗಳಿಗೂ ಆ ಬದಲಾವಣೆ ಅನ್ವಯವಾಯಿತು.

ಹ್ಯಾರಿಸ್ 1947ರ ಜನವರಿ 27ರಂದು ಶಿಕಾಗೊದಲ್ಲಿ ನಿಧನರಾದರು. ಪುಷ್ಪಗುಚ್ಛಗಳ ಬದಲು ರೋಟರಿ ಪ್ರತಿಷ್ಠಾನಕ್ಕೆ ಕಾಣಿಕೆ ಸಲ್ಲಲಿ ಎಂಬುದು ಅವರ ಇಚ್ಛೆಯಾಗಿತ್ತು. ದೇಣಿಗೆ ಹರಿದುಬಂತು; ಅದೇ ವರ್ಷ 18 ವಿದ್ಯಾರ್ಥಿಗಳು ವಿದೇಶ ವ್ಯಾಸಂಗಕ್ಕೆ ವಿದ್ಯಾರ್ಥಿವೇತನ ಪಡೆದರು. ಆ ಪ್ರತಿಷ್ಠಾನದ ಹಣವೇ 1985ರಿಂದ ಪೋಲಿಯೊ ನಿರ್ಮೂಲನೆಗೂ ಹರಿಯಿತು. 2014ರಲ್ಲಿ ಭಾರತವು ಪೋಲಿಯೊಮುಕ್ತ ಎಂಬ ಮಾನ್ಯತೆ ಪಡೆದುದರ ಹಿಂದೆ ಊರೂರಿನ ರೋಟರಿ ಸದಸ್ಯರ ದುಡಿಮೆಯೂ ಇದೆ.

2016ರಲ್ಲಿ ನಿಯಮ ಸಡಿಲಗೊಂಡು ತಿಂಗಳಿಗೆ ಎರಡು ಸಭೆ ಸಾಕೆಂದಾಯಿತು. ಆದರೂ ವಾರ ತಪ್ಪದೆ ಸೇರುವ ಕ್ಲಬ್‌ಗಳು ಇಲ್ಲದಿಲ್ಲ. ಶಿಕಾಗೊದ ಮೌಂಟ್ ಹೋಪ್ ಸ್ಮಶಾನದಲ್ಲಿ ಹ್ಯಾರಿಸರ ಸಮಾಧಿಯ ಬಳಿಯಲ್ಲೇ, ಅವರಿಗಿಂತ ಮೊದಲೇ ಕಾಲವಾದ ಕಲ್ಲಿದ್ದಲು ವ್ಯಾಪಾರಿ ಶೀಲೆಯವರ ಸಮಾಧಿಯೂ ಇದೆ. ಭಾನುವಾರಗಳಲ್ಲಿ ಮಾತಿಗೊಬ್ಬರಿಲ್ಲದೆ ಕೊರಗಿದ್ದ ವಕೀಲರಿಗೆ ಕೊನೆಗೂ ನೆರೆಯವನೊಬ್ಬ ದೊರೆತಿದ್ದ.